ಸೋಲುತ್ತಿರುವ ಆಟದಲ್ಲಿ ಡ್ರಾ ಕೇಳುವ ಸರಿಯಾದ ಕ್ರಮ

ಚೆಸ್ ಸ್ಪರ್ಧೆಗೆ ಹೊಸದಾಗಿ ಇಳಿಯುವ ಹವ್ಯಾಸಿ ಆಟಗಾರರು, ಒಂದೇ ಸ್ಥಿತಿ ಮೂರು ಸಲ ಬಂದಾಗ ಡ್ರಾ ಕೇಳುವ ಹಕ್ಕನ್ನು ಹೆಚ್ಚಾಗಿ ಕಳೆದುಕೊಳ್ಳುವುದು ನಿಯಮ ಗೊತ್ತಿಲ್ಲದೆ ಅಲ್ಲ, ಆತುರದಿಂದ ಕೈ ಮುಂದೆ ಚಾಚುವುದರಿಂದ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮದ ಪ್ರಕಾರ, ನಿಮ್ಮ ಮುಂದಿನ ನಡೆಯಿಂದ ಅದೇ ಸ್ಥಿತಿ ಮೂರನೆಯ ಸಲ ಬರುವುದಾದರೆ, ಆ ನಡೆಯನ್ನು ಹಲಗೆಯ ಮೇಲೆ ಆಡದೆ, ನಡೆಗಳನ್ನು ದಾಖಲಿಸುವ ಹಾಳೆಯಾದ ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ತೀರ್ಪುಗಾರರನ್ನು ಕರೆಯಬೇಕು. ಕಾಯಿಯನ್ನು ಮುಟ್ಟಿದರೆ ಆ ಸರದಿಯ ಹಕ್ಕು ಹೋಯಿತೆಂದೇ ಅರ್ಥ. ನಾನೇ ಒಮ್ಮೆ ರಾಜನನ್ನು ಮುಟ್ಟಿದ ಮೇಲೆ ಬಾಯಿ ತೆರೆದು ಅರ್ಧ ಅಂಕ ಬಿಟ್ಟುಕೊಟ್ಟಿದ್ದೇನೆ.

ಪುನರಾವರ್ತನೆಯಾಗಬೇಕಾದದ್ದು ನಡೆಗಳಲ್ಲ, ಸ್ಥಿತಿ. ಮೂರು ಸಲವೂ ಸರದಿ ಒಬ್ಬನದೇ ಆಗಿರಬೇಕು, ಕಾಯಿಗಳು ಅವೇ ಮನೆಗಳಲ್ಲಿರಬೇಕು, ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು) ಮಾಡುವ ಹಕ್ಕೂ ಬದಲಾಗಿರಬಾರದು. ಆದರೆ ಅವು ಬೆನ್ನುಬೆನ್ನಿಗೇ ಬರಬೇಕೆಂದಿಲ್ಲ, ನಡುವೆ ಹತ್ತು ನಡೆಗಳು ಕಳೆದಿದ್ದರೂ ಅಡ್ಡಿಯಿಲ್ಲ. ಆದ್ದರಿಂದ ಸ್ಕೋರ್‌ಶೀಟನ್ನು ಓದಲು ಬರುವಂತೆ ಬರೆದಿಟ್ಟುಕೊಳ್ಳುವುದು, ಸ್ಥಿತಿ ಮರಳಿತೆಂಬ ಅನುಮಾನ ಬಂದಾಗಲೆಲ್ಲ ಪಕ್ಕದಲ್ಲಿ ಗುರುತು ಹಾಕುವ ಬದಲು ಮನಸ್ಸಿನಲ್ಲೇ ಲೆಕ್ಕವಿಡುವುದು ಒಳ್ಳೆಯದು, ಏಕೆಂದರೆ ಆಟದ ನಡುವೆ ಟಿಪ್ಪಣಿ ಬರೆಯಲು ಅನುಮತಿಯಿಲ್ಲ.

ಕೇಳಿಕೆ ತಪ್ಪಾದರೆ ಎದುರಾಳಿಯ ಗಡಿಯಾರಕ್ಕೆ 2 ನಿಮಿಷ ಸೇರುತ್ತದೆ, ನೀವು ಬರೆದ ನಡೆಯನ್ನೇ ಆಡಬೇಕಾಗುತ್ತದೆ. ಸೋಲುತ್ತಿರುವ ಆಟದಲ್ಲಿ ಅದು ದೊಡ್ಡ ನಷ್ಟವೇನಲ್ಲ.