ಮಗು ಮರಳುವ ಮೊದಲೇ ಕೋಣೆ ಸಿದ್ಧವಿರಬೇಕು

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿಯಾದ ವಿನ್ನಿಪೆಗ್ ನಗರದಲ್ಲಿ, ಮೂಲನಿವಾಸಿ ತಾಯಂದಿರು ತಮ್ಮ ಮಕ್ಕಳೊಂದಿಗೆ ಕೆಲವು ತಿಂಗಳುಗಳಿಂದ ಎರಡು ವರ್ಷಗಳವರೆಗೆ ಉಳಿದುಕೊಳ್ಳಬಹುದಾದ ಒಂದು ಟ್ರಾನ್ಸಿಷನಲ್ ವಸತಿಗೃಹದಲ್ಲಿ ನಾನು ಕುಟುಂಬ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಅದನ್ನು ನಡೆಸುವವರು ಕ್ರೀ, ಅನಿಶಿನಾಬೆ ಮತ್ತು ಮೇಟಿ ಎಂಬ ಮೂಲನಿವಾಸಿ ಸಮುದಾಯಗಳ ಮಹಿಳೆಯರೇ. ನಾನು ಧಾರವಾಡದಿಂದ ವಲಸೆ ಬಂದು ಅವರ ಕೈಕೆಳಗೆ ಕೆಲಸ ಕಲಿತವಳು. ಆದುದರಿಂದ ಇಲ್ಲಿ ಬರೆಯುತ್ತಿರುವುದು ಅವರ ಸಂಸ್ಕೃತಿಯ ಪರಿಚಯವಲ್ಲ, ಆ ಮನೆಯಲ್ಲಿ ನಾವು ದಿನನಿತ್ಯ ಏನು ಮಾಡುತ್ತೇವೆ ಮತ್ತು ಏಕೆ ಹಾಗೆ ಮಾಡುತ್ತೇವೆ ಎಂಬುದಷ್ಟೆ.

ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಹೆಚ್ಚಿನವರ ಒಬ್ಬಿಬ್ಬರಾದರೂ ಮಕ್ಕಳು ಮಕ್ಕಳ ಕಲ್ಯಾಣ ಇಲಾಖೆಯ ವಶದಲ್ಲಿರುತ್ತಾರೆ. 2021ರ ಜನಗಣತಿಯ ಪ್ರಕಾರ ಕೆನಡಾದಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳ ಪಾಲು ಶೇ. 7.7, ಪೋಷಕ ಮನೆಗಳಲ್ಲಿ, ಅಂದರೆ ಹೆತ್ತವರಿಂದ ಬೇರ್ಪಟ್ಟ ಮಕ್ಕಳನ್ನು ಇರಿಸುವ ಬೇರೆಯವರ ಮನೆಗಳಲ್ಲಿ, ಇರುವ ಅದೇ ವಯಸ್ಸಿನ ಮಕ್ಕಳಲ್ಲಿ ಮಾತ್ರ ಅವರ ಪಾಲು ಶೇ. 53.8. ಮ್ಯಾನಿಟೋಬಾದಲ್ಲಂತೂ ಇಲಾಖೆಯ ವಶದಲ್ಲಿರುವ ಪ್ರತಿ ಹತ್ತು ಮಕ್ಕಳಲ್ಲಿ ಒಂಬತ್ತರಷ್ಟು ಮೂಲನಿವಾಸಿಗಳೇ. ಇದರ ಬೇರು ಹಳೆಯದು. ತಮ್ಮ ಭಾಷೆ, ಸಂಸ್ಕೃತಿಗಳನ್ನು ಮರೆಸಲೆಂದೇ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಬೇರ್ಪಡಿಸಿ ಸೇರಿಸಿದ ವಸತಿಶಾಲೆಗಳಲ್ಲಿ ಕೊನೆಯದು ಮುಚ್ಚಿದ್ದು 1990ರ ದಶಕದಲ್ಲಿ. 1960ರ ದಶಕದಿಂದ ಸಾವಿರಾರು ಮಕ್ಕಳನ್ನು ಬಿಳಿಯರ ಮನೆಗಳಿಗೆ ದತ್ತು ಕೊಟ್ಟದ್ದು ಅದಕ್ಕೆ ಇನ್ನೊಂದು ಅಧ್ಯಾಯ. ಕೈಯಲ್ಲಿ ಕಡತ ಹಿಡಿದು ಬಾಗಿಲು ತಟ್ಟುವ ನನ್ನಂಥವಳನ್ನು ಕಂಡರೆ ಒಬ್ಬ ತಾಯಿಗೆ ಏನನ್ನಿಸಬಹುದು ಎಂಬುದನ್ನು ಈ ಹಿನ್ನೆಲೆಯಿಲ್ಲದೆ ಅರ್ಥಮಾಡಿಕೊಳ್ಳಲಾಗದು.

ಈ ತಾಯಂದಿರು ಸಿಕ್ಕಿಬೀಳುವ ಸುಳಿಯನ್ನು ವಿವರಿಸಬೇಕು, ಏಕೆಂದರೆ ನಮ್ಮ ಕೆಲಸವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ. ಮಕ್ಕಳನ್ನು ವಶಕ್ಕೆ ತೆಗೆದುಕೊಂಡ ಕೂಡಲೇ ತಾಯಿಗೆ ಬರುತ್ತಿದ್ದ ಕೇಂದ್ರ ಸರ್ಕಾರದ ಮಕ್ಕಳ ಭತ್ಯೆ ನಿಲ್ಲುತ್ತದೆ, ಪ್ರಾಂತ್ಯದ ನೆರವಿನ ಹಣವೂ ಒಂಟಿ ವ್ಯಕ್ತಿಯ ದರಕ್ಕೆ ಇಳಿಯಬಹುದು. ಆ ಹಣದಲ್ಲಿ ಸಿಗುವುದು ಬಹುಮಟ್ಟಿಗೆ ಒಂದೇ ಕೋಣೆಯ ಬಾಡಿಗೆ ಮನೆ. ಮಕ್ಕಳನ್ನು ಹಿಂದಿರುಗಿಸಿ ಎಂದು ಅವಳು ಕೇಳಿದಾಗ, ಮಲಗುವ ಕೋಣೆಗಳು ಸಾಲವು ಎಂಬ ಉತ್ತರ ಬರುತ್ತದೆ. ಕೋಣೆಯೊಂದಕ್ಕೆ ಇಬ್ಬರಿಗಿಂತ ಹೆಚ್ಚು ಜನರಿರಬಾರದು, ಐದು ವರ್ಷ ದಾಟಿದ ಅಣ್ಣ-ತಂಗಿಯರಿಗೆ ಬೇರೆ ಬೇರೆ ಕೋಣೆಗಳಿರಬೇಕು ಎಂಬ ರಾಷ್ಟ್ರೀಯ ವಸತಿ ಮಾನದಂಡವನ್ನು ಮುಂದಿಟ್ಟರೆ, ಮೂರು ಮಕ್ಕಳ ತಾಯಿಗೆ ಕಡಿಮೆಯೆಂದರೂ ಮೂರು ಕೋಣೆಗಳು ಬೇಕು. ಮಕ್ಕಳಿಲ್ಲದೆ ಹಣವಿಲ್ಲ, ಹಣವಿಲ್ಲದೆ ಮನೆಯಿಲ್ಲ, ಮನೆಯಿಲ್ಲದೆ ಮಕ್ಕಳಿಲ್ಲ. ಬಡತನ ಅಥವಾ ಸಾಕಷ್ಟು ವಸತಿಯಿಲ್ಲದಿರುವುದು ಇವಷ್ಟನ್ನೇ ಕಾರಣವಾಗಿಟ್ಟು ಮೂಲನಿವಾಸಿ ಮಗುವನ್ನು ವಶಕ್ಕೆ ತೆಗೆದುಕೊಳ್ಳಬಾರದೆಂದು 2020ರ ಜನವರಿ 1ರಿಂದ ಜಾರಿಯಾದ ಕೇಂದ್ರದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ ಕೂಡ. ವಾದ ಮಾಡಲು ಕಾನೂನು ಒದಗುತ್ತದೆ, ಆದರೆ ಅದು ಕೋಣೆಯನ್ನು ಕಟ್ಟಿಕೊಡುವುದಿಲ್ಲ.

ಆದುದರಿಂದ ಮಕ್ಕಳು ಬಂದ ಮೇಲೆ ದೊಡ್ಡ ಮನೆ ಕೊಡುವ ಪದ್ಧತಿಯನ್ನು ನಾವು ತಿರುಗಿಸಿಕೊಂಡಿದ್ದೇವೆ. ತಾಯಿ ಒಬ್ಬಳೇ ಬಂದರೂ, ಮರಳಬೇಕಾದ ಎಲ್ಲ ಮಕ್ಕಳಿಗೂ ಸಾಲುವಷ್ಟು ಕೋಣೆಗಳಿರುವ ಮನೆಯನ್ನೇ ಅವಳಿಗೆ ಮೊದಲ ದಿನದಿಂದ ಕೊಡುತ್ತೇವೆ. ಮಂಚಗಳನ್ನು ಹಾಕಿ, ಹಾಸಿಗೆ ಹೊದಿಸಿ, ಕೋಣೆಗಳ ವಿವರವಿರುವ ಪತ್ರವನ್ನು ಅವಳ ವಕೀಲರಿಗೆ ಕಳುಹಿಸುತ್ತೇವೆ. ಲೆಕ್ಕಪತ್ರ ನೋಡುವವರಿಗೆ ಇದು ಖಾಲಿ ಕೋಣೆಗೆ ಮಾಡುವ ಖರ್ಚಾಗಿ ಕಾಣುತ್ತದೆ. ಪ್ರತಿ ವರ್ಷವೂ ಅನುದಾನದ ಅರ್ಜಿಯಲ್ಲಿ ಇದನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಸಮರ್ಥಿಸಿಕೊಳ್ಳುತ್ತೇವೆ.

ಇದರ ದೊಡ್ಡ ಲಾಭವೆಂದರೆ ತಾಯಿ-ಮಕ್ಕಳ ಭೇಟಿಗಳು ಇಲಾಖೆಯ ಕಚೇರಿಯ ಪ್ಲಾಸ್ಟಿಕ್ ಕುರ್ಚಿಗಳಿಂದ ಅವಳ ಸ್ವಂತ ಅಡುಗೆಮನೆಗೆ ಬರುತ್ತವೆ. ಒಬ್ಬ ತಾಯಿಯ ಆರು ವರ್ಷದ ಮಗ ಮೊದಮೊದಲು ಬಂದಾಗ ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತಿದ್ದ: ನೀರು ಕುಡಿಯಲೇ, ಇಲ್ಲಿ ಕೂರಲೇ, ಶೂ ಬಿಚ್ಚಲೇ. ಅವಳು ಮೈದಾ, ಬೇಕಿಂಗ್ ಪೌಡರ್, ಉಪ್ಪು ಕಲಸಿ ಬ್ಯಾನಕ್ ರೊಟ್ಟಿ ತಟ್ಟುತ್ತಿದ್ದಳು, ಅವನು ದೂರದಲ್ಲಿ ನಿಂತು ನೋಡುತ್ತಿದ್ದ. ಕೆಲವು ವಾರಗಳ ನಂತರ ಒಂದು ದಿನ ಅವನು ಯಾರನ್ನೂ ಕೇಳದೆ ಫ್ರಿಜ್ ತೆರೆದು, ಜಾಮ್ ಬಾಟಲಿ ತೆಗೆದು, ಅಕ್ಕನ ಪಾಲಿನ ರೊಟ್ಟಿಗೂ ಕೈಹಾಕಿದ, ಇಬ್ಬರೂ ಜೋರಾಗಿ ಕಿತ್ತಾಡಿದರು. ಮೇಲ್ವಿಚಾರಣೆಗೆ ಬಂದಿದ್ದ ಅಧಿಕಾರಿಗೆ ಅದು ಶಿಸ್ತಿನ ಕೊರತೆಯಾಗಿ ಕಂಡಿತು. ನಾನು ಮತ್ತು ಆ ತಾಯಿ ಅಕ್ಕಪಕ್ಕ ಕುಳಿತು ಆ ದಿನದ ಟಿಪ್ಪಣಿಯಲ್ಲಿ, ಬಾಲಕನು ಅನುಮತಿ ಕೇಳದೆ ತಿಂಡಿ ತೆಗೆದುಕೊಂಡನು, ಜಗಳವನ್ನು ತಾಯಿ ದನಿಯೆತ್ತದೆ ಬಿಡಿಸಿದಳು ಎಂದು ಬರೆದೆವು.

ಟಿಪ್ಪಣಿಗಳ ವಿಷಯದಲ್ಲಿ ನಮ್ಮ ಮನೆಯ ನಿಯಮ ಕಟ್ಟುನಿಟ್ಟಾದುದು. ನಾವು ಬರೆದದ್ದೆಲ್ಲವನ್ನೂ ನ್ಯಾಯಾಲಯ ಕೇಳಿ ಪಡೆಯಬಹುದು; ಆದುದರಿಂದ ತಾಯಿ ಓದದ ಒಂದು ಸಾಲೂ ಅವಳ ಕಡತದಲ್ಲಿ ಇರಕೂಡದು. ಮಗುವಿನ ಸುರಕ್ಷತೆಗೆ ಕುತ್ತು ಬಂದರೆ ವರದಿ ಮಾಡುವುದು ಕಾನೂನಿನ ಕರ್ತವ್ಯ, ಅದನ್ನು ಅವಳು ಬಂದ ದಿನವೇ ತಿಳಿಸಿರುತ್ತೇವೆ. ಉಳಿದಂತೆ "ಸಹಕರಿಸುತ್ತಿಲ್ಲ", "ಕೋಪಿಷ್ಠೆ" ಎಂಬಂಥ ತೀರ್ಪುಗಳಿಗೆ ಅಲ್ಲಿ ಜಾಗವಿಲ್ಲ. ಕಂಡದ್ದು, ಕೇಳಿದ್ದು ಮಾತ್ರ. ಸಂಸ್ಕೃತಿಯನ್ನು ಕೇಂದ್ರದಲ್ಲಿಡುವುದೆಂದರೆ ಗೋಡೆಗೆ ನಕ್ಷತ್ರದ ಕೌದಿ ತೂಗುಹಾಕುವುದಲ್ಲ, ಇಂಥ ನಿಯಮಗಳನ್ನು ಯಾರು ಮಾಡುತ್ತಾರೆ ಎಂಬುದು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ನಂಬುತ್ತಾರೆ, ನನಗೂ ಅದೇ ಸರಿಯೆನಿಸುತ್ತದೆ.

ಸ್ಮಜ್ ಎಂಬ ಧೂಮಶುದ್ಧಿಯ ಆಚರಣೆಯೂ ನಮ್ಮಲ್ಲಿ ಮೊದಲು ಕಟ್ಟಡದ ಪ್ರಶ್ನೆಯಾಗಿಯೇ ಬಂತು. ಸೇಜ್, ಸ್ವೀಟ್‌ಗ್ರಾಸ್, ಸೀಡರ್, ತಂಬಾಕು ಈ ನಾಲ್ಕು ಸಸ್ಯಗಳು ಅವರಿಗೆ ಪವಿತ್ರ ಔಷಧಿಗಳು. ಸೇಜ್ ಎಲೆಗಳನ್ನು ಚಿಪ್ಪಿನಲ್ಲಿಟ್ಟು ಹೊತ್ತಿಸಿ, ಆ ಹೊಗೆಯನ್ನು ಕೈಗಳಿಂದ ತಲೆಗೆ, ಕಣ್ಣಿಗೆ, ಎದೆಗೆ ಸವರಿಕೊಳ್ಳುತ್ತಾರೆ. ಬೇರೆ ಬಾಡಿಗೆ ಮನೆಗಳಲ್ಲಿ ಇದಕ್ಕೆ ಅಲಾರಂ ಹೊಡೆದುಕೊಳ್ಳುತ್ತದೆ, ನೆರೆಯವರು ಗಾಂಜಾ ಎಂದು ದೂರು ಕೊಡುತ್ತಾರೆ. ನಾವು ಒಂದು ಕೋಣೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪಡೆದು, ಹೊಗೆ ಪತ್ತೆಹಚ್ಚುವ ಸಾಧನದ ಬದಲು ಶಾಖ ಪತ್ತೆಹಚ್ಚುವ ಸಾಧನವನ್ನು ಕೂರಿಸಿದೆವು. ಯಾರನ್ನೂ ಒತ್ತಾಯಿಸುವುದಿಲ್ಲ. ಕೆಲವು ತಾಯಂದಿರು ಚರ್ಚಿಗೆ ಹೋಗುವವರು. ಇನ್ನು ಕೆಲವರು ಪೋಷಕ ಮನೆಗಳಲ್ಲೇ ಬೆಳೆದು, ತಮ್ಮದೇ ಆಚರಣೆಯ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಾಚುವವರು. ಅಂಥವರ ಬಳಿ ಹಿರಿಯ ಅಜ್ಜಿಯೊಬ್ಬರು ಸುಮ್ಮನೆ ಚಹಾ ಕುಡಿಯುತ್ತಾ ಕೂರುತ್ತಾರೆ. ಹಿರಿಯರಿಂದ ಏನನ್ನಾದರೂ ಕೇಳುವ ಮೊದಲು ತಂಬಾಕು ಅರ್ಪಿಸುವುದು ಕ್ರಮ. ಅದನ್ನು ಸಿದ್ಧಮಾಡಿಡುವುದು, ಅವರನ್ನು ಕಾರಿನಲ್ಲಿ ಕರೆತರುವುದು, ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ. ಆಚರಣೆ ನಡೆಸುವುದು ನನ್ನದಲ್ಲ.

ರಾತ್ರಿ ಅತಿಥಿಗಳು ಉಳಿಯಕೂಡದೆಂಬ ನಿಯಮ ಬಹುತೇಕ ಆಶ್ರಯಮನೆಗಳಲ್ಲಿದೆ. ನಮ್ಮಲ್ಲಿ ಅತಿಥಿಗಳ ಪಟ್ಟಿಯನ್ನು ತಾಯಿಯೇ ಬರೆಯುತ್ತಾಳೆ, ಹಿಂಸೆಯ ಭಯವಿದ್ದರೆ ಸುರಕ್ಷತಾ ಯೋಜನೆಯೂ ಅವಳೊಂದಿಗೇ ತಯಾರಾಗುತ್ತದೆ. ಮತ್ತು ಹೆರಿಗೆಯಾದಾಗ ಕೂಕಮ್, ಅಂದರೆ ಮಗುವಿನ ಅಜ್ಜಿ, ವಾರಗಟ್ಟಲೆ ಬಂದು ಇರಬಹುದು. ಈ ನಿಯಮವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ತವರಿನ ಬಾಣಂತನ ಕಂಡವರಿಗೆ ಅದು ಸಹಜವಾಗಿಯೇ ಹೊಳೆಯುತ್ತದೆ. ಆದರೆ ನಮ್ಮೂರಿನ ಬಾಣಂತಿಯರಿಗೆ ಮಗುವನ್ನು ಆಸ್ಪತ್ರೆಯಿಂದಲೇ ಸರ್ಕಾರ ಒಯ್ಯುವ ಭಯ ಇರಲಿಲ್ಲ. ಗರ್ಭಿಣಿಯ ಬಗ್ಗೆ ಮಕ್ಕಳ ಕಲ್ಯಾಣ ಇಲಾಖೆಯವರು ಆಸ್ಪತ್ರೆಗೆ ಮುಂಚಿತವಾಗಿ ಎಚ್ಚರಿಕೆ ಕಳುಹಿಸುವ ಪದ್ಧತಿಯನ್ನು ಮ್ಯಾನಿಟೋಬಾ ನಿಲ್ಲಿಸಿದ್ದು 2020ರ ಜುಲೈ 1ರಂದು. ಈಗಲೂ ಹೆರಿಗೆಗೆ ಹೋಗುವ ತಾಯಿಯ ಜೊತೆ ನಮ್ಮಲ್ಲೊಬ್ಬರು ಇದ್ದೇ ಇರುತ್ತಾರೆ, ಕಾರಿನಲ್ಲಿ ಶಿಶುವಿನ ಸೀಟು ಮೊದಲೇ ಬಿಗಿದಿರುತ್ತದೆ, ಮಗುವನ್ನು ಸುತ್ತಿ ದಾರ ಹೆಣೆದು ಕಟ್ಟುವ ಮಾಸ್ ಬ್ಯಾಗ್ ಅನ್ನು ತಾಯಿ ಮನೆಯಲ್ಲೇ ಹೊಲಿದಿರುತ್ತಾಳೆ.

ಉತ್ತರದ, ವಿಮಾನದಲ್ಲಷ್ಟೇ ತಲುಪಬಹುದಾದ ಊರುಗಳಿಂದ ಚಿಕಿತ್ಸೆಗೆಂದು ಬಂದವರೂ ನಮ್ಮಲ್ಲಿ ಇರುತ್ತಾರೆ. ಅವರ ಮಕ್ಕಳಿಗೆ ಮಾತಿನ ತರಬೇತಿ, ಶ್ರವಣ ಪರೀಕ್ಷೆ ಮುಂತಾದವುಗಳಿಗಾಗಿ ಜೋರ್ಡನ್ಸ್ ಪ್ರಿನ್ಸಿಪಲ್ ಎಂಬ ತತ್ತ್ವದಡಿ ಅರ್ಜಿ ಹಾಕುವುದು ನನ್ನ ದಿನಚರಿಯ ಭಾಗ. ಮ್ಯಾನಿಟೋಬಾದ ನಾರ್ವೇ ಹೌಸ್ ಕ್ರೀ ನೇಷನ್ ಎಂಬ ಸಮುದಾಯದ ಜೋರ್ಡನ್ ರಿವರ್ ಆಂಡರ್ಸನ್ ಎಂಬ ಬಾಲಕ, ಮನೆಯಲ್ಲಿನ ಆರೈಕೆಯ ವೆಚ್ಚ ಕೇಂದ್ರದ್ದೋ ಪ್ರಾಂತ್ಯದ್ದೋ ಎಂಬ ಜಗಳದ ನಡುವೆಯೇ, ಒಂದು ದಿನವೂ ಮನೆಯಲ್ಲಿರದೆ 2005ರಲ್ಲಿ ಐದನೆಯ ವಯಸ್ಸಿನಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡ. ಮೊದಲು ಸೇವೆ, ಲೆಕ್ಕ ಆಮೇಲೆ ಎಂಬುದು ಆ ತತ್ತ್ವ.

ಇಲ್ಲಿನ ಕನ್ನಡ ಬಳಗದಲ್ಲಿ ನನ್ನ ಕೆಲಸದ ಮಾತು ಬಂದಾಗ, ಅವರಿಗೆ ಸರ್ಕಾರ ಎಲ್ಲವನ್ನೂ ಕೊಡುತ್ತದಲ್ಲ, ಊರು ಬಿಟ್ಟು ಏಕೆ ಬರುತ್ತಾರೆ ಎಂದು ಕೇಳುವವರಿದ್ದಾರೆ. ಆಗ ಹಾಗೆ ಕೇಳಿದವರ ಮನೆಯ ನಲ್ಲಿಯನ್ನೇ ತೋರಿಸುತ್ತೇನೆ. 1919ರಿಂದ ವಿನ್ನಿಪೆಗ್ ಕುಡಿಯುತ್ತಿರುವುದು ಶೋಲ್ ಲೇಕ್ ನೀರನ್ನು. ಅದೇ ಕೆರೆಯ ದಡದ ಶೋಲ್ ಲೇಕ್ 40 ಎಂಬ ಮೂಲನಿವಾಸಿ ಸಮುದಾಯ 1997ರಿಂದ 2021ರವರೆಗೆ ನೀರು ಕುದಿಸಿ ಕುಡಿಯಬೇಕೆಂಬ ಎಚ್ಚರಿಕೆಯಡಿ ಬದುಕಿತು.

ನಮ್ಮ ಕೆಲಸದಲ್ಲಿ ಇನ್ನೂ ಬಗೆಹರಿಯದಿರುವುದು ಹೊರಹೋಗುವ ಹಂತ. ಎರಡು ವರ್ಷಗಳ ಮಿತಿ ಅನುದಾನದ ಷರತ್ತಿನಿಂದ ಬಂದದ್ದು, ಕುಟುಂಬಗಳ ಅಗತ್ಯದಿಂದಲ್ಲ. ಕೈಗೆಟುಕುವ ಬಾಡಿಗೆಯ ಮೂರು ಕೋಣೆಗಳ ಮನೆ ನಗರದಲ್ಲಿ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಮಕ್ಕಳ ಶಾಲೆ ಬದಲಾಗುತ್ತದೆ. ಮಂಚ, ಹಾಸಿಗೆ, ಪಾತ್ರೆಗಳನ್ನು ಕುಟುಂಬದ ಜೊತೆಗೇ ಕಳುಹಿಸಿಕೊಡುತ್ತೇವೆ, ಹೊಸ ಮನೆಗೆ ಹೋಗಿಬರುವುದನ್ನು ತಾಯಿ ಸಾಕೆನ್ನುವವರೆಗೆ ಮುಂದುವರಿಸುತ್ತೇವೆ. ಮಿತಿ ಮುಗಿಯುವ ದಿನ ಚಳಿಗಾಲದಲ್ಲಿ ಬಿದ್ದರೆ, ಜೂನ್ ಕೊನೆಗೆ ಶಾಲೆ ಮುಗಿಯುವವರೆಗೆ ಆ ಕುಟುಂಬವನ್ನು ಕದಲಿಸಬಾರದೆಂದು ಆಡಳಿತ ಮಂಡಳಿಯಲ್ಲಿರುವ ಅಜ್ಜಿಯರು ಪಟ್ಟುಹಿಡಿದು ನಿಯಮ ಬರೆಸಿದ್ದಾರೆ; ಆ ತಿಂಗಳುಗಳ ಖರ್ಚಿಗೆ ನಾವು ಪ್ರತ್ಯೇಕವಾಗಿ ದೇಣಿಗೆ ಎತ್ತುತ್ತೇವೆ.