ಕೆರೆಯಂಚಿನ ಕಂದು ಗೊರವ: ಹೆಸರು ಹಚ್ಚುವ ಮುಂಚೆ ನಾನು ನೋಡುವುದು

ಮಳೆಗಾಲದ ಕೊನೆಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆಯ ಯಾವ ಕೆರೆಗೆ ಹೋದರೂ ಕೆಸರಂಚಿನಲ್ಲಿ ಕಂದು ಬೆನ್ನಿನ, ಬಿಳಿ ಹೊಟ್ಟೆಯ ಗೊರವಗಳು ಕಾಣುತ್ತವೆ. ಹೊಸಬರು ಹೆಚ್ಚು ತಡವರಿಸುವುದು ಇವುಗಳ ಮುಂದೆಯೇ. ಕಾಮನ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ವುಡ್ ಸ್ಯಾಂಡ್‌ಪೈಪರ್ ಮೂರೂ ಸುಮಾರು 18ರಿಂದ 24 ಸೆಂ.ಮೀ. ಉದ್ದದವು, ಗೊರವಂಕಕ್ಕಿಂತ (ಮೈನಾ) ತುಸು ಚಿಕ್ಕವು. ಗುರುತಿಲ್ಲದ ಹಕ್ಕಿ ಎದುರಾದಾಗ ನಾನು ಅನುಸರಿಸುವ ಕ್ರಮವನ್ನು ಈ ಮೂರನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲ ಐದು ನಿಮಿಷ ಪುಸ್ತಕ, ಆ್ಯಪ್ ಎರಡನ್ನೂ ತೆಗೆಯುವುದಿಲ್ಲ. ಚಿತ್ರ ನೋಡಿಬಿಟ್ಟರೆ ಆ ಚಿತ್ರದಲ್ಲಿರುವುದೇ ಹಕ್ಕಿಯ ಮೇಲೂ ಕಾಣತೊಡಗುತ್ತದೆ. ಇಲ್ಲದ ಚುಕ್ಕೆ ಮೂಡುತ್ತದೆ, ಕಾಲು ಹಳದಿಯಾಗುತ್ತದೆ. ಕಂಡದ್ದನ್ನು ಮೊದಲು ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತೇನೆ. ಹಕ್ಕಿಯಿಂದ ಕಣ್ಣು ತೆಗೆಯುವಂತಿಲ್ಲದಿದ್ದರೆ ಫೋನಿಗೆ ಮೆಲ್ಲಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ನಿಲ್ಲುವ ಜಾಗ ಬಹಳ ಮುಖ್ಯ. ಬೆಳಿಗ್ಗೆ ಸೂರ್ಯ ನನ್ನ ಬೆನ್ನಿಗೆ ಬರುವಂತೆ ಏರಿಯ ಬದಿಯನ್ನು ಆರಿಸಿಕೊಂಡು, ಹಕ್ಕಿಯಿಂದ ಇಪ್ಪತ್ತೈದು ಮೂವತ್ತು ಮೀಟರ್ ದೂರದಲ್ಲೇ ಕೂತುಬಿಡುತ್ತೇನೆ. ನಿಂತ ಮನುಷ್ಯನಿಗೆ ಹೆದರುವಷ್ಟು ಕೂತವನಿಗೆ ಹೆದರುವುದಿಲ್ಲ. ಎದುರು ಬಿಸಿಲಲ್ಲಿ ಮೂರೂ ಗೊರವಗಳು ಬರಿಯ ಕಪ್ಪು ನೆರಳು. ಆಗ ಬಣ್ಣದ ಬಗ್ಗೆ ಒಂದಕ್ಷರವೂ ಬರೆಯಬಾರದು. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಈ ಕೆಲಸಕ್ಕೆ ಸಾಕು.

ಗಾತ್ರವನ್ನು ಸೆಂಟಿಮೀಟರಿನಲ್ಲಿ ಊಹಿಸುವುದಿಲ್ಲ. ಬಯಲು ನೀರಿನ ಪಕ್ಕ ಒಂಟಿಯಾಗಿ ನಿಂತ ಹಕ್ಕಿಯ ಗಾತ್ರದಲ್ಲಿ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ಪಕ್ಕದಲ್ಲಿ ಟಿಟ್ಟಿಭ ಬಂದರೆ ಅದರೊಂದಿಗೆ ಹೋಲಿಸುತ್ತೇನೆ. ಯಾವುದೂ ಇಲ್ಲದಿದ್ದರೆ ಹಕ್ಕಿಯ ಮೈಯಲ್ಲೇ ಅಳತೆಗೋಲು ಇದೆ: ಕೊಕ್ಕು ತಲೆಯ ಎಷ್ಟು ಪಟ್ಟು ಉದ್ದ? ನಮ್ಮ ಮೂರರಲ್ಲಿ ಅದು ತಲೆಯಷ್ಟೇ, ಇಲ್ಲವೇ ಒಂದಿಷ್ಟು ಹೆಚ್ಚು. ತಲೆಗಿಂತ ಸ್ಪಷ್ಟವಾಗಿ ಉದ್ದವಾಗಿ, ತುದಿ ತುಸು ಮೇಲಕ್ಕೆ ಬಾಗಿದ್ದರೆ ಅದು ಗ್ರೀನ್‌ಶ್ಯಾಂಕ್. ಸೂಜಿಯಂತೆ ತೆಳ್ಳಗಿದ್ದರೆ ಮಾರ್ಷ್ ಸ್ಯಾಂಡ್‌ಪೈಪರ್.

ಆಮೇಲೆ ಭುಜ. ಎದೆಯ ಪಕ್ಕದ ಕಂದು ಮತ್ತು ಮಡಿಚಿದ ರೆಕ್ಕೆಯ ನಡುವೆ ಹೊಟ್ಟೆಯ ಬಿಳಿ ಬೆಣೆಯಂತೆ ಮೇಲಕ್ಕೆ ನುಗ್ಗಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಇದೊಂದೇ ಗುರುತು ಬಹುತೇಕ ಸಲ ಸಾಕಾಗುತ್ತದೆ, ದೂರದಿಂದಲೂ ಕಾಣುತ್ತದೆ. ಜೊತೆಗೆ ಅದರ ಬಾಲ ರೆಕ್ಕೆಯ ತುದಿಯನ್ನು ದಾಟಿ ಚಾಚಿರುತ್ತದೆ. ಹಿಂಭಾಗವನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಕುಣಿಸುತ್ತದೆ. ಕುಣಿತ ಒಂದನ್ನೇ ನಂಬಬೇಡಿ, ಉಳಿದೆರಡೂ ಆಗಾಗ ಕುಣಿಸುತ್ತವೆ.

ಬಿಳಿ ಬೆಣೆ ಇಲ್ಲವಾದರೆ ಗ್ರೀನ್, ವುಡ್ ಎರಡರ ನಡುವಿನ ಪ್ರಶ್ನೆ. ಇಲ್ಲಿ ನಾನು ನೆಚ್ಚುವುದು ಹುಬ್ಬನ್ನು, ಅಂದರೆ ಕಣ್ಣಿನ ಮೇಲಿನ ಬಿಳಿ ಗೆರೆಯನ್ನು. ವುಡ್‌ನ ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಉದ್ದವಾಗಿ ಹರಿಯುತ್ತದೆ. ಗ್ರೀನ್‌ನದು ಕೊಕ್ಕಿನಿಂದ ಕಣ್ಣಿನವರೆಗೆ ಬಂದು ನಿಲ್ಲುತ್ತದೆ, ಕಣ್ಣಿನ ಸುತ್ತ ಬಿಳಿ ಬಳೆ ಎದ್ದು ಕಾಣುತ್ತದೆ. ಬೆನ್ನಿನ ಚುಕ್ಕೆ ಎರಡನೆಯ ಸಾಕ್ಷಿ: ವುಡ್‌ನದು ದಪ್ಪ, ಒತ್ತೊತ್ತು, ಗ್ರೀನ್‌ನ ಕಡುಗಂದು ಬೆನ್ನಿನ ಮೇಲೆ ಸಣ್ಣ ಚುಕ್ಕೆ. ಸೆಪ್ಟೆಂಬರಿನಲ್ಲಿ ಈ ವ್ಯತ್ಯಾಸ ಚೊಕ್ಕವಾಗಿರುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಗರಿಯಂಚು ಸವೆದು ವುಡ್‌ನ ಬೆನ್ನೂ ಬೋಳಾಗಬಹುದು, ಆದ್ದರಿಂದ ಬೇಸಿಗೆ ಹತ್ತಿರವಾದಂತೆ ಚುಕ್ಕೆಗೆ ಕೊಡುವ ತೂಕ ಇಳಿಸುತ್ತೇನೆ. ಕಾಲಿನ ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತೇನೆ. ವುಡ್‌ನದು ಹಳದಿ ಛಾಯೆಯ, ಹೆಚ್ಚು ಉದ್ದದ ಕಾಲು. ಗ್ರೀನ್‌ನದು ಮಂಕು ಹಸಿರು. ಆದರೆ ಕೆಸರು ಮೆತ್ತಿದ ಮೇಲೆ ಎಲ್ಲ ಕಾಲೂ ಬೂದಿ ಬಣ್ಣವೇ. ನೀರಿಗಿಳಿದು ತೊಳೆದುಕೊಳ್ಳುವವರೆಗೆ ಕಾಯಬೇಕು.

ತೀರ್ಪು ಕೊಡುವುದು ಹಾರಾಟ. ಹಾಗೆಂದು ಕಲ್ಲೆಸೆದು, ಓಡಿಹೋಗಿ ಹಾರಿಸಬಾರದು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಅದು, ಮೇಯಲೆಂದೇ ಬಂದಿದೆ. ಹತ್ತು ಹದಿನೈದು ನಿಮಿಷ ಕೂತರೆ ನಾಯಿ, ಎಮ್ಮೆ, ಸೆಳೆವ (ಒಂದು ಬೇಟೆಹಕ್ಕಿ) ಎಂದು ಯಾವುದಾದರೂ ಬಂದು ಗೊರವ ತಾನಾಗಿ ಏಳುತ್ತದೆ. ಸಿಗುವುದು ಎರಡು ಮೂರು ಸೆಕೆಂಡು ಮಾತ್ರ. ಎಲ್ಲವನ್ನೂ ನೋಡಲು ಹೋದರೆ ಏನೂ ಉಳಿಯುವುದಿಲ್ಲ. ಏನು ನೋಡಬೇಕೆಂದು ಮೊದಲೇ ತೀರ್ಮಾನಿಸಿರುತ್ತೇನೆ. ಮೊದಲ ಹಾರಾಟಕ್ಕೆ ಬಾಲದ ಬುಡ: ಬಿಳಿಯೋ ಅಲ್ಲವೋ? ಕಾಮನ್‌ನಲ್ಲಿ ಬೆನ್ನಿನ ಕಂದೇ ಮುಂದುವರಿಯುತ್ತದೆ, ಬದಲಿಗೆ ರೆಕ್ಕೆಯುದ್ದಕ್ಕೂ ಬಿಳಿ ಪಟ್ಟಿ ಇರುತ್ತದೆ. ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಬಿಗಿಹಿಡಿದು ಪಟಪಟನೆ ಬಡಿಯುತ್ತಾ ಹೋಗುತ್ತದೆ. ಉಳಿದೆರಡರ ಬಾಲದ ಬುಡ ಬಿಳಿ. ಹಾಗಾಗಿ ಎರಡನೆಯ ಹಾರಾಟಕ್ಕೆ ರೆಕ್ಕೆಯ ಒಳಮೈ: ಕಪ್ಪಾಗಿದ್ದರೆ ಗ್ರೀನ್, ತಿಳಿಯಾಗಿದ್ದರೆ ವುಡ್. ವುಡ್ ಹಾರುವಾಗ ಕಾಲ ಬೆರಳು ಬಾಲದ ಆಚೆಗೆ ಚಾಚಿರುವುದೂ ಕಾಣುತ್ತದೆ.

ಏಳುವಾಗ ಕೂಗುತ್ತವೆ. ಗ್ರೀನ್‌ನದು ಗಂಟೆಯಂತೆ ಸ್ವಚ್ಛವಾದ ‘ಟ್ಲೂಯಿ-ವೀಟ್-ವೀಟ್’, ವುಡ್‌ನದು ಒಣ ‘ಚಿಫ್-ಇಫ್-ಇಫ್’, ಕಾಮನ್‌ನದು ತೆಳ್ಳಗೆ ಎಳೆದ ‘ಸ್ವೀ-ಸ್ವೀ-ಸ್ವೀ’. ಒಂದು ಚಳಿಗಾಲ ಕಿವಿಗೊಟ್ಟರೆ ಬೆನ್ನು ತಿರುಗಿಸಿ ನಿಂತಿದ್ದರೂ ಹೆಸರು ಹೇಳಬಹುದು.

ಆವಾಸವನ್ನೂ ಬರೆದಿಡುತ್ತೇನೆ. ಗ್ರೀನ್ ಹೆಚ್ಚಾಗಿ ಒಂಟಿ. ಕಾಲುವೆ, ಹೊಂಡ, ತೂಬಿನ ಕೆಳಗಿನ ಜೌಗು ಅದಕ್ಕೆ ಇಷ್ಟ. ಹೊಸದಾಗಿ ನಾಟಿಯಾದ ಗದ್ದೆಯಲ್ಲಿ ಐದಾರು ಒಟ್ಟಿಗೆ ಮೇಯುತ್ತಿದ್ದರೆ ವುಡ್ ಇರಬಹುದು. ಇದು ಅನುಮಾನಕ್ಕೆ ದಾರಿ ಅಷ್ಟೇ, ಸಾಕ್ಷಿಯಲ್ಲ.

ಒಂದು ಮಾದರಿ ಟಿಪ್ಪಣಿ ಹೀಗಿರುತ್ತದೆ: ‘7.10, ತೂಬಿನ ಕೆಳಗೆ, ಒಂಟಿ. ಭುಜದಲ್ಲಿ ಬೆಣೆ ಇಲ್ಲ. ಹುಬ್ಬು ಕಣ್ಣಿಗೇ ನಿಂತಿದೆ. ಬೆನ್ನು ಕಡು, ಚುಕ್ಕೆ ಸಣ್ಣವು. ಕಾಲು ಕೆಸರು, ಗೊತ್ತಾಗಲಿಲ್ಲ. ಬಾಲದ ಬುಡ ಬಿಳಿ, ರೆಕ್ಕೆಯಡಿ ಕಪ್ಪು.’ ಗೊತ್ತಾಗದ್ದನ್ನು ಗೊತ್ತಾಗಲಿಲ್ಲವೆಂದೇ ಬರೆಯುವುದು ಈ ಟಿಪ್ಪಣಿಯ ಜೀವ. ಇಷ್ಟಾದ ಮೇಲೆ ಪುಸ್ತಕ ತೆರೆಯುತ್ತೇನೆ, ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಕೂಗು ತಾಳೆ ನೋಡುತ್ತೇನೆ. ಫೋಟೊ ಇದ್ದರೆ ಅದರಲ್ಲೂ ಮೊದಲು ಹುಬ್ಬನ್ನೇ ಹುಡುಕುತ್ತೇನೆ. ಬೆಳಕು ಹೆಚ್ಚಾದ ಫೋಟೊದಲ್ಲಿ ಕಡು ಬೆನ್ನೂ ತಿಳಿಯಾಗಿ ಕಾಣುತ್ತದೆ.

ಭುಜದ ಬೆಣೆ ಇಲ್ಲದ ಹಕ್ಕಿಯ ಹಾರಾಟವೂ ಕೂಗೂ ಸಿಗದೆ, ಹುಬ್ಬೂ ಸರಿಯಾಗಿ ಕಾಣದಿದ್ದರೆ ಇ-ಬರ್ಡ್ (ಕಂಡ ಹಕ್ಕಿಗಳನ್ನು ದಾಖಲಿಸುವ ತಾಣ) ಪಟ್ಟಿಯಲ್ಲಿ ಬರಿಯ ‘ಟ್ರಿಂಗಾ’ (ಗ್ರೀನ್, ವುಡ್ ಎರಡೂ ಸೇರುವ ಕುಲದ ಹೆಸರು) ಎಂದು ಹಾಕಿ ಮರುದಿನ ಅದೇ ಹೊತ್ತಿಗೆ ಅದೇ ತೂಬಿನ ಬಳಿ ಹೋಗುತ್ತೇನೆ. ಒಂಟಿ ಗೊರವಗಳು ಹಿಡಿದ ಜಾಗವನ್ನು ಬೇಗ ಬಿಡುವುದಿಲ್ಲ, ನೀರು ಬತ್ತದಿದ್ದರೆ ಅದೇ ಹಕ್ಕಿ ಅಲ್ಲೇ ಮೇಯುತ್ತಿರುತ್ತದೆ.