ಟೈಟ್ ಆಟಗಾರರು ರೈಸ್ ಮಾಡಿದರೆ ನಂಬಿ

ಸಣ್ಣ ಬೈ-ಇನ್ (ಪ್ರವೇಶ ಶುಲ್ಕ) ಇರುವ ಆನ್‌ಲೈನ್ ಪೋಕರ್ ಟೂರ್ನಮೆಂಟ್‌ನಲ್ಲಿ ತುಂಬಾ ಹೊತ್ತು ಫೋಲ್ಡ್ ಮಾಡುತ್ತಲೇ (ಎಲೆ ಬಿಟ್ಟುಕೊಡುತ್ತಲೇ) ಕೂತ ಟೈಟ್ ಆಟಗಾರರು ಇದ್ದಕ್ಕಿದ್ದಂತೆ ಮೊದಲು ಆಡಬೇಕಾದ ಸೀಟಿನಿಂದ ರೈಸ್ ಮಾಡಿದರೆ (ಪಣ ಏರಿಸಿದರೆ), ಒಳ್ಳೆ ಎಲೆ ಇದೆ ಅಂತ ದಯವಿಟ್ಟು ನಂಬಿ. ಅಂಥವರು ಬ್ಲಫ್ ಮಾಡುವುದು ಕಡಿಮೆ. ನಿಮ್ಮ ಕೈಯಲ್ಲಿ ಏಸ್-ಜ್ಯಾಕ್ ಇದೆ ಅಂದುಕೊಳ್ಳಿ. ನೋಡಲು ಚೆಂದ. ಆದರೆ ಅವರ ಹತ್ತಿರ ಏಸ್-ಕಿಂಗ್, ಏಸ್-ಕ್ವೀನ್ ಅಥವಾ ದೊಡ್ಡ ಜೋಡಿ ಇರುವ ಸಾಧ್ಯತೆಯೇ ಜಾಸ್ತಿ ಅಲ್ವಾ? ಫ್ಲಾಪ್‌ನಲ್ಲಿ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ) ಏಸ್ ಬಂದರೂ ನೀವೇ ಹಿಂದೆ ಇರಬಹುದು. ಸುಮ್ನೆ ಬಿಟ್ಟುಬಿಡಿ. ರಿವರ್‌ನಲ್ಲಿ (ಮೇಜಿನ ಕೊನೆಯ ಎಲೆ ಬಂದಮೇಲೆ) ಅವರು ರೈಸ್ ಮಾಡಿದರಂತೂ ಬರೀ ಒಂದು ಜೋಡಿ ಹಿಡಿದುಕೊಂಡು ಕಾಲ್ ಮಾಡಬೇಡಿ (ಅವರ ಪಣಕ್ಕೆ ಸಮ ಹಾಕಬೇಡಿ).

ಅವರ ಚಿಪ್ಸ್ ಗೆಲ್ಲುವ ದಾರಿ ಬೇರೆ. ಅವರು ಬಿಗ್ ಬ್ಲೈಂಡ್‌ನಲ್ಲಿದ್ದಾಗ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ದೊಡ್ಡ ಪಣ ಹಾಕುವ ಸರದಿ), ಎಲ್ಲರೂ ಫೋಲ್ಡ್ ಮಾಡಿ ಆಟ ನಿಮ್ಮವರೆಗೆ ಬಂದರೆ, ಆ ಬಿಗ್ ಬ್ಲೈಂಡ್ ಪಣದ 2 ಪಟ್ಟು ರೈಸ್ ಸಾಕು. ಬಹುಮಾನದ ಹಂತ ಹತ್ತಿರವಾದಾಗ ಇನ್ನೂ ಸುಲಭವಾಗಿ ಬಿಟ್ಟುಕೊಡುತ್ತಾರೆ. ತಿರುಗಿ ರೈಸ್ ಮಾಡಿದರೆ ಮಾತ್ರ ಹಟ ಬೇಡ.

ಅವರ ಬಳಿ 10 ಬಿಗ್ ಬ್ಲೈಂಡ್‌ಗಿಂತ ಕಡಿಮೆ ಉಳಿದಿದ್ದರೆ ಈ ಲೆಕ್ಕ ಸಡಿಲಿಸಿ. ಆಗ ಅವರು ಸಾಧಾರಣ ಕೈಯಲ್ಲೂ ಆಲ್-ಇನ್ ಹೋಗಬಹುದು (ಇರುವ ಚಿಪ್ಸ್ ಎಲ್ಲಾ ಹಾಕಬಹುದು).